ಎಡಕ್ಕೆ ಹೊರಳುವ ಗುರುತು

ಮಿಶ್ರಿಕೋಟಿಯಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೇ ನನ್ನ ಅಂಗಡಿ. ಝೆರಾಕ್ಸ್ ಮಾಡುವುದು, ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು ನನ್ನ ಕೆಲಸ. ಪಿಯುಸಿ ಆದಮೇಲೆ ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಅಲ್ಲಿ ಹೇಳಿಕೊಟ್ಟ ಅಷ್ಟಿಷ್ಟು ಪ್ರೋಗ್ರಾಮಿಂಗನ್ನು ನಾನು ಉಪಯೋಗಿಸಿದ್ದು ಒಂದೇ ಕೆಲಸಕ್ಕೆ, ನನ್ನ ಹೆಂಡತಿಗಾಗಿ.

ಅವಳು ಕಸೂತಿ ಹಾಕುತ್ತಿದ್ದಳು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಒಂದೊಂದೇ ಎಳೆ ಎಣಿಸಿ ಸೂಜಿ ಆಡಿಸುವ ಕೆಲಸ ಅದು. ಎಣಿಕೆ ಹೆಂಗಸರ ತಲೆಯಲ್ಲಿರುತ್ತದೆ, ಇಲ್ಲವೇ ಯಾರದೋ ಹಳೆಯ ಸೀರೆಯ ಸೆರಗಿನಲ್ಲಿ. ಅವೆಲ್ಲ ಒಂದು ಕಡೆ ಇರಬೇಕೆಂದು ಅವಳಿಗೆ ಆಸೆಯಾಯಿತು.

"ಊರ ಮಂದಿ ಆಧಾರ್ ಕಾರ್ಡ್ ಎಲ್ಲಾ ನಿಮ್ಮ ಕಂಪ್ಯೂಟರ್‌ನ್ಯಾಗ ಕುಂತಾವು. ನನ್ನ ಗಿಳಿಗೊಂದೀಟು ಜಾಗಾ ಇಲ್ಲೇನ್ರಿ?" ಎಂದು ಕೇಳಿದಳು.

ನಾನು ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟೆ. ಅವಳು ಎಣಿಕೆ ಒತ್ತುತ್ತ ಹೋದರೆ ಪರದೆಯ ಚೌಕುಳಿಯ ಮೇಲೆ ಚಿತ್ರ ಮೂಡುತ್ತಿತ್ತು. ಬಲಕ್ಕೆ ನಾಲ್ಕು ಎಳೆ ಎಂದರೆ >೪, ಎಡಕ್ಕೆ ನಾಲ್ಕು ಎಂದರೆ <೪. ಮೇಲಕ್ಕೆ, ಕೆಳಕ್ಕೆ ಒಂದೊಂದು ಅಕ್ಷರ. ಒಂದು ಚಿತ್ರ ಆದಮೇಲೆ "ಮುಗಿಯಿತು" ಎಂಬ ಗುಂಡಿ ಒತ್ತಬೇಕು.

ಇದನ್ನೆಲ್ಲ ನಾನು ಎಕ್ಸ್‌ಎಂಎಲ್ ಕಡತದಲ್ಲಿ ಇಡುತ್ತಿದ್ದೆ, ಕಲಿತದ್ದು ಅದೊಂದೇ. ಅದರಲ್ಲಿ ಪ್ರತಿಯೊಂದು ಮಾಹಿತಿಯ ಮುಂದೆ ತೆರೆಯುವ ಚೀಟಿ, ಹಿಂದೆ ಮುಚ್ಚುವ ಚೀಟಿ ಇರಬೇಕು. "ಮುಗಿಯಿತು" ಒತ್ತಿದಾಗ ಈ ಮುಚ್ಚುವ ಚೀಟಿ ಬೀಳುತ್ತಿತ್ತು. ಆ ಚೀಟಿಗಳೂ < ಎಂಬ ಗುರುತಿನಿಂದಲೇ ಶುರುವಾಗುತ್ತವೆ. ಮಾಹಿತಿಯೊಳಗೆ ಅದೇ ಗುರುತು ಬಂದರೆ ಬೇರೆ ರೂಪದಲ್ಲಿ ಬರೆಯಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಅವಳು ಒತ್ತಿದ್ದನ್ನೆಲ್ಲ ಹಾಗೆಹಾಗೇ ಸೇರಿಸಿಟ್ಟೆ.

ಅವಳು ಹೋಗಿ ಎಂಟು ತಿಂಗಳಾದವು. ಒಂಬತ್ತು ದಿನದ ಜ್ವರ. ಆಮೇಲೆ ಮಳೆಗಾಲದಲ್ಲಿ ಕರೆಂಟು ಏರುಪೇರಾಗಿ ಆ ಕಂಪ್ಯೂಟರೂ ಸುಟ್ಟಿತು. ಪ್ರೋಗ್ರಾಂ ಹೋಯಿತು. ಪೆನ್‌ಡ್ರೈವಿನಲ್ಲಿ ಕಡತ ಮಾತ್ರ ಉಳಿಯಿತು. ನಾನು ಅದನ್ನು ಮುಟ್ಟಿರಲಿಲ್ಲ.

ಮುಟ್ಟುವಂತೆ ಮಾಡಿದವಳು ಅವಳ ತಂಗಿ. ಮುಂದಿನ ತಿಂಗಳು ಅವಳ ಮದುವೆ. ಮದುಮಗಳಿಗೆಂದು ಕಪ್ಪು ಚಂದ್ರಕಾಳಿ ಸೀರೆಗೆ ಅಕ್ಕ ಕಸೂತಿ ಹಾಕುತ್ತಿದ್ದಳು. ತಂಗಿ ಆ ಸೀರೆಯನ್ನು ನನ್ನ ಕೌಂಟರಿನ ಮೇಲೆ ಬಿಡಿಸಿದಳು. ಸೆರಗಿನ ತುಂಬ ಗಿಳಿ, ಆನೆ, ನಕ್ಷತ್ರ. ನಟ್ಟನಡುವೆ ಅಂಗೈಯಗಲ ಖಾಲಿ.

"ಇಲ್ಲಿ ತುಳಸಿಕಟ್ಟಿ ಬರಬೇಕ್ರಿ ಮಾಮಾ. ಹೊಸಾದು ಹುಡುಕೇನಿ ಅಂತ ಅಕ್ಕ ಕಂಪ್ಯೂಟರ್‌ನ್ಯಾಗ ತೋರಿಸಿದ್ಲು. ಅದ ಬೇಕ್ರಿ. ಬ್ಯಾರೇದವರ ತುಳಸಿಕಟ್ಟಿ ನಂಗ ಬ್ಯಾಡ."

ಹಾಗಾಗಿ ಹೊಸದೊಂದು ಪ್ರೋಗ್ರಾಂ ಬರೆಯಬೇಕಾಯಿತು. ಮೊದಲು ಬೇಕಾದದ್ದು ಪಾರ್ಸರ್, ಅಂದರೆ ಕಡತವನ್ನು ಓದಿ ಒಳಗಿನದನ್ನು ಬಿಡಿಸಿಕೊಡಲು ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ; ಲೈಬ್ರರಿ ಎನ್ನುತ್ತಾರೆ. ಅಂಥವು ಹತ್ತಾರಿವೆ. ಯಾವುದು ಒಳ್ಳೆಯದು ಎಂದು ಇಂಟರ್‌ನೆಟ್ಟಿನಲ್ಲಿ ಜನ ಜಗಳವಾಡುತ್ತಾರೆ. ಹೆಚ್ಚಿನ ಜಗಳ ವೇಗದ ಬಗ್ಗೆ. ನನ್ನ ಕಡತ ಚಿಕ್ಕದು. ವೇಗ ಕಟ್ಟಿಕೊಂಡು ನಾನೇನು ಮಾಡಲಿ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಲೈಬ್ರರಿಯನ್ನು ಮೊದಲು ಹಚ್ಚಿ ನೋಡಿದೆ. ಅದು ಕಟ್ಟುನಿಟ್ಟಿನದು. ನಲವತ್ತೊಂದನೆಯ ಸಾಲು, ಹದಿನೇಳನೆಯ ಅಕ್ಷರ, ಇಲ್ಲಿ ತಪ್ಪಿದೆ ಎಂದು ಹೇಳಿ ನಿಂತುಬಿಟ್ಟಿತು. ಆ ಸಾಲನ್ನು ಸರಿ ಮಾಡಿದರೆ ನಲವತ್ತೆರಡರಲ್ಲಿ ನಿಂತಿತು. ಸಾಲು ಸಾಲಿಗೂ ಅವಳು ಒತ್ತಿದ ಎಡಗುರುತು. ನಾಲ್ಕೈದು ಸಾಲು ಮಾಡುವಷ್ಟರಲ್ಲಿ ಕೈ ಸೋತಿತು. ಕೆಲಸ ಕಷ್ಟದ್ದೇನಲ್ಲ. ಆ ದಿನಗಳಲ್ಲಿ ನನಗೆ ಹಲ್ಲುಜ್ಜುವುದೂ ದೊಡ್ಡ ಕೆಲಸವೇ ಆಗಿತ್ತು.

ಆಗ ಸಡಿಲ ಸ್ವಭಾವದ ಇನ್ನೊಂದು ಸಿಕ್ಕಿತು. ಕಡತ ಹೇಗೇ ಇದ್ದರೂ ಸುಧಾರಿಸಿಕೊಂಡು ಓದುತ್ತದೆ, ತಕರಾರು ಮಾಡುವುದಿಲ್ಲ ಎಂದು ಬರೆದಿದ್ದರು. ನಿಜ, ಒಂದೇ ಉಸಿರಿಗೆ ಕೊನೆಯವರೆಗೂ ಓದಿತು. ಏನು ಓದಿತು ಎಂದು ನಾನು ನೋಡಲಿಲ್ಲ, ಓದಿತಲ್ಲ ಎಂದಷ್ಟೇ ನೋಡಿದೆ. ಚೌಕುಳಿಯ ಮೇಲೆ ಕಟ್ಟೆಯಂಥದ್ದೇನೋ ಮೂಡಿತು. ಪ್ರಿಂಟ್ ತೆಗೆದು ತಂಗಿಗೆ ಕೊಟ್ಟೆ.

ನಾಲ್ಕು ದಿನ ಬಿಟ್ಟು ಅವಳು ಬಂದಳು. ಜೊತೆಗೆ ನಮ್ಮ ಓಣಿಯ ಆಯಿ. ನನ್ನ ಹೆಂಡತಿಗೆ ಸೂಜಿ ಹಿಡಿಯಲು ಕಲಿಸಿದ ಮುದುಕಿ. ಕೈಯಲ್ಲಿ ಒಂದು ತುಂಡು ಬಟ್ಟೆ. ಪುಣ್ಯಕ್ಕೆ ಸೀರೆಗೆ ಹಾಕುವ ಮೊದಲು ತಂಗಿ ಅದರ ಮೇಲೆ ಹಾಕಿ ನೋಡಿದ್ದಳು.

"ಏನ ತಮ್ಮಾ, ಇದು ತುಳಸಿಕಟ್ಟಿ? ಬಿದ್ದ ಗ್ವಾಡಿ ಇದ್ಹಂಗೈತಲ್ಲೋ!" ಆಯಿ ಬಟ್ಟೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಬರೇ ಬಲಕ್ಕ ಹೊಂಟೈತಿ. ಎಡಕ್ಕ ಹೊಳ್ಳೂದ ಮರತೈತಿ ನಿನ್ನ ಮಷೀನು."

"ಅವಳೇ ತಪ್ಪು ಒತ್ತಿರಬೇಕು, ಆಯಿ."

ಆಯಿಗೆ ಸಿಟ್ಟು ಬಂತು. "ಸತ್ತಾಕಿ ಮ್ಯಾಲೆ ಹಾಕಬ್ಯಾಡ. ಎಳಿ ತಪ್ಪಾಕಿ ಅಲ್ಲ ಆಕಿ. ನೀ ಏನ್ ಮಾಡಿದಿ, ಅದನ್ನ ನೋಡು."

ಅವರು ಹೋದಮೇಲೆ ನೋಡಿದೆ. ಸಡಿಲ ಲೈಬ್ರರಿ ಪ್ರತಿಯೊಂದು ಎಡಗುರುತನ್ನೂ ನುಂಗಿ ಅಂಕಿಯನ್ನು ಮಾತ್ರ ಉಳಿಸಿತ್ತು. ಗುರುತಿಲ್ಲದ ಅಂಕಿ ಬಂದರೆ ನನ್ನ ಪ್ರೋಗ್ರಾಂ ಹಿಂದಿನ ದಿಕ್ಕಿನಲ್ಲೇ ಮುಂದುವರಿಯುತ್ತಿತ್ತು. ಎಲ್ಲಿಯೂ ಒಂದು ಎಚ್ಚರಿಕೆಯಿಲ್ಲ. ಅವಳು ಎಡಕ್ಕೆ ಹೊರಳಿದ ಜಾಗವೆಲ್ಲ ಮಾಯವಾಗಿತ್ತು. ಅದನ್ನು ಅವಳ ತಪ್ಪು ಎಂದುಬಿಟ್ಟಿದ್ದೆ.

ಮರುದಿನದಿಂದ ಮತ್ತೆ ಕಟ್ಟುನಿಟ್ಟಿನದನ್ನೇ ಹಿಡಿದೆ. ಎಲ್ಲ ಗುರುತುಗಳನ್ನೂ ಒಂದೇ ಏಟಿಗೆ ಬದಲಿಸುವ ಉಪಾಯ ಇತ್ತು. ಒಮ್ಮೆ ನಂಬಿ ಕೆಟ್ಟವನಿಗೆ ಧೈರ್ಯ ಬರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದು ನಿಂತಲ್ಲಿ ನಾನೂ ನಿಂತೆ, ತೋರಿಸಿದ್ದನ್ನು ತಿದ್ದಿದೆ, ಮತ್ತೆ ಓಡಿಸಿದೆ. ಗಿಳಿ ಮುಗಿಯಲು ಎರಡು ದಿನ, ಆನೆಗೆ ಮೂರು. ಕೆಲವು ಕಡೆ ಅವಳು ಒಂದೇ ಗುರುತನ್ನು ಎರಡು ಸಲ ಒತ್ತಿದ್ದಳು. ಗುಂಡಿ ಬಿಗಿ ಇದೆ ಎಂದು ಅವಳು ಹೇಳುತ್ತಲೇ ಇದ್ದಳು. ಸರಿ ಮಾಡಿಸುತ್ತೇನೆ ಎಂದು ನಾನೂ ಹೇಳುತ್ತಲೇ ಇದ್ದೆ.

ಹನ್ನೆರಡನೆಯ ದಿನ ಕೊನೆಯ ಸಾಲಿಗೆ ಬಂದೆ. ಅಲ್ಲಿ ಬೇರೆಯೇ ತಕರಾರು. ತೆರೆದದ್ದನ್ನು ಮುಚ್ಚಿಲ್ಲ, ಕಡತ ನಡುವೆಯೇ ಮುಗಿದಿದೆ ಎಂದಿತು. ಅದು ತುಳಸಿಕಟ್ಟೆ. ಜ್ವರ ಶುರುವಾದ ದಿನ ಅವಳು ಇದನ್ನೇ ಒತ್ತುತ್ತಿದ್ದಳು. ಆ ಮಧ್ಯಾಹ್ನ ಚಳಿ ಬಂದಂತಾಗುತ್ತದೆ ಎಂದು ಎದ್ದು ಮನೆಗೆ ಹೋದವಳು ಮತ್ತೆ ಬಂದು "ಮುಗಿಯಿತು" ಒತ್ತಲಿಲ್ಲ. ಸಡಿಲ ಲೈಬ್ರರಿ ಇದನ್ನೂ ತಾನೇ ಮುಚ್ಚಿಕೊಂಡು ಸುಮ್ಮನಿತ್ತು.

ಅರ್ಧವೇ ಇದೆ ಎಂದು ತಂಗಿಗೆ ಹೇಗೆ ಹೇಳುವುದು? ಇದ್ದಷ್ಟನ್ನು ಚೌಕುಳಿಯ ಮೇಲೆ ತೆಗೆದು ಮೊದಲು ಆಯಿಯ ಮನೆಗೆ ಒಯ್ದೆ. ಹೊಲಿಗೆ ಹಾಕುವ ಜಾಗ ಗೆರೆ, ಎಳೆ ಬಿಡುವ ಜಾಗ ಖಾಲಿ. ಗೆರೆ ತುಂಡುತುಂಡಾಗಿ ಮೇಲೇರಿ ತುಳಸಿಯ ತುದಿಯಲ್ಲಿ ನಿಂತಿತ್ತು.

"ಇಷ್ಟೇ ಇದೆ, ಆಯಿ. ಅರ್ಧಕ್ಕೇ ನಿಂತಿದೆ."

ಆಯಿ ಹಳೆಯ ಧೋತರದ ತುಂಡಿನ ಮೇಲೆ ಸೂಜಿ ಹಚ್ಚಿದಳು. ಕಾಗದ ನೋಡುತ್ತ, ತುಟಿಯಲ್ಲೇ ಎಣಿಸುತ್ತ ಮೇಲಿನ ತುದಿಗೆ ಬಂದಳು.

"ಅರ್ಧ ಎಲ್ಲೈತೋ? ಮುಗದೈತಿ ಇದು." ಸೂಜಿಯನ್ನು ತಿರುಗಿಸಿ ಹಿಡಿದಳು. "ಗವಂತಿ ಹೊಲಿಗಿ ಅಂದ್ರ ಹೋದ ದಾರಿಲೇ ಹೊಳ್ಳಿ ಬರೂದು. ಹೋಗೂ ಮುಂದ ಬಿಟ್ಟ ಸಂದು ಬರೂ ಮುಂದ ತುಂಬತಾವು. ಹೋಗೂದು ಬರದಾಳ. ಬರೂದನ್ನ ಯಾರ ಬರೀತಾರ? ಸೂಜಿ ಹಿಡದಾಕಿಗೆ ಗೊತ್ತ ಇರತೈತಿ."

"ಎಲ್ಲದಕ್ಕೂ ಹೀಗೇ ಬರೆದಿದ್ದಾಳೇನು?"

"ಇಷ್ಟ ವರ್ಷ ಬಾಜೂಕ ಕುಂತು ಏನ್ ನೋಡಿದ್ಯೋ ನೀ?"

ಆಯಿ ಎದ್ದು ಚಹಾಕ್ಕೆ ಇಟ್ಟಳು. ಚಹಾ ಕುಡಿದು ನಾನು ಅಂಗಡಿಗೆ ಬಂದು ಗಿಳಿಯನ್ನೂ ಆನೆಯನ್ನೂ ತೆಗೆದು ನೋಡಿದೆ. ಯಾವುದರಲ್ಲಿಯೂ ಬರುವ ದಾರಿ ಇರಲಿಲ್ಲ.

ಕಡತದ ಕೊನೆಗೆ ಹೋಗಿ ಮುಚ್ಚುವ ಚೀಟಿಯನ್ನು ನಾನೇ ಒತ್ತಿದೆ. ಎಂಟೊಂಬತ್ತು ಅಕ್ಷರ. ಆಮೇಲೆ ಓಡಿಸಿದೆ. ಪಾರ್ಸರ್ ಏನೂ ಹೇಳಲಿಲ್ಲ. ತಪ್ಪಿಲ್ಲದಿದ್ದರೆ ಅದು ಏನೂ ಹೇಳುವುದಿಲ್ಲ.

ಪ್ರಿಂಟರಿನಿಂದ ತುಳಸಿಕಟ್ಟೆ ನಿಧಾನವಾಗಿ ಹೊರಬರುತ್ತಿತ್ತು. ಕೌಂಟರಿನ ಆಚೆ ದೇವಿಕೊಪ್ಪದ ರೈತನೊಬ್ಬ ಬಹಳ ಹೊತ್ತಿನಿಂದ ನಿಂತಿದ್ದ.

"ಪಹಣಿ ಸಿಗತೈತೇನ್ರಿ?"

"ಕೂಡ್ರಿ," ಎಂದೆ. "ಇದೊಂದು ಹೊರಗ ಬರ್ಲಿ."