ನಾಲ್ಕು ಗಂಟೆಯ ಊಟ

ನಮ್ಮ ಹಳಿಯಾಳ ಈಗ ಸಿಟಿ ಆಯಿತು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ರಸ್ತೆಯ ನಡುವೆ ದೀಪದ ಕಂಬಗಳು ಬಂದಿವೆ, ಗಾಜಿನ ಗೋಡೆಯ ಬಟ್ಟೆ ಅಂಗಡಿ ಬಂದಿದೆ, ಒಪ್ಪುತ್ತೇನೆ. ಆದರೆ ಮಧ್ಯಾಹ್ನ ನಾಲ್ಕು ಗಂಟೆಗೆ ಒಬ್ಬ ಮನುಷ್ಯ ಖಾನಾವಳಿಯಲ್ಲಿ ಒಬ್ಬನೇ ಕೂತು ರೊಟ್ಟಿ ಉಂಡು, ಯಾರಿಗೂ ಉತ್ತರ ಕೊಡದೆ ಎದ್ದು ಹೋಗಬಲ್ಲನೇ? ಅದಾಗುವವರೆಗೆ ಇದು ಸಿಟಿ ಅಲ್ಲ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಪುಣೆಯ ಒಂದು ಊಟದ ಹೋಟೆಲಿನಲ್ಲಿ ತಾಟು ತೊಳೆದೆ, ಆಮೇಲೆ ಬಡಿಸಿದೆ, ಆಮೇಲೆ ಒಲೆಯ ಮುಂದೆ ನಿಂತೆ. ಬಡಿಸುತ್ತಿದ್ದ ಕಾಲದಲ್ಲಿ ಒಂದು ದಿನ ಇಸ್ತ್ರಿ ಅಂಗಿಯ ಗೃಹಸ್ಥನೊಬ್ಬ ನಾಲ್ಕರ ಹೊತ್ತಿಗೆ ಬಂದು ಪೂರ್ತಿ ಊಟ ಹೇಳಿದ. ಉಣ್ಣುತ್ತ ಉಣ್ಣುತ್ತ ಅಳತೊಡಗಿದ. ಪಕ್ಕದ ಮೇಜಿನವನು ಪೇಪರಿನಿಂದ ತಲೆ ಎತ್ತಲಿಲ್ಲ. ನಾನು ಹತ್ತಿರ ಹೋಗಿ ಕೇಳಿದ್ದು ಒಂದೇ, ಇನ್ನಷ್ಟು ಅನ್ನ ಹಾಕಲೇ ಎಂದು. ತಲೆ ಆಡಿಸಿದ, ಹಾಕಿದೆ. ಉಂಡು, ಮುಖ ತೊಳೆದು, ಬಡೇಸೋಪು ಬಾಯಿಗೆ ಹಾಕಿಕೊಂಡು ಹೋದ. ಶಹರ ಅಂದರೆ ಇದು ಎಂದು ಆ ದಿನ ತಿಳಿಯಿತು. ಎತ್ತರದ ಕಟ್ಟಡ ನೋಡಿದಾಗಲೂ ತಿಳಿದಿರಲಿಲ್ಲ. ಕೆಲವರು ಇದನ್ನು ಕಲ್ಲು ಮನಸ್ಸು ಅನ್ನುತ್ತಾರೆ. ಅವನ ಅಳು ಅವನದೇ ಆಗಿರಲಿ ಎಂದು ಬಿಟ್ಟೆವು, ಅಷ್ಟೇ.

ಊರಿಗೆ ಮರಳಿ ಬಸ್ ಸ್ಟ್ಯಾಂಡಿನ ಎದುರು ಸ್ವಂತ ಖಾನಾವಳಿ ಹಾಕಿದೆ. ಇಲ್ಲಿ ಉಳಿದವರು ಮೂರಕ್ಕೆಲ್ಲ ಪಾತ್ರೆ ಕವುಚಿ, “ಊಟ ಮುಗದೈತ್ರಿ” ಅಂದುಬಿಡುತ್ತಾರೆ. ಮತ್ತೆ ಒಲೆ ಹೊತ್ತುವುದು ಏಳಕ್ಕೆ. ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದೆ: ನಡುವೆ ಬಾಗಿಲು ಹಾಕುವುದಿಲ್ಲ.

ಬಾಗಿಲು ತೆರೆದೇ ಇತ್ತು. ತೊಂದರೆ ಇದ್ದದ್ದು ಒಳಗೆ. ನಮ್ಮಲ್ಲಿ ರೊಟ್ಟಿ ಬಡಿಯುವ ಹಿರಿಯ ಹೆಂಗಸು, ಎಲ್ಲರ ಕಾಕೂ, ಒಲೆ ಬಿಟ್ಟು ಕದಲುವವರಲ್ಲ, ಬಾಯಿ ಮಾತ್ರ ಎಲ್ಲ ಮೇಜಿಗೂ ಹೋಗುತ್ತದೆ. ನಾಲ್ಕಕ್ಕೆ ಯಾರು ಬಂದರೂ ಕಾಕೂ ಕೇಳುವುದು ಒಂದೇ ಪ್ರಶ್ನೆ: “ಯಾಕೋ ತಮ್ಮಾ, ಮನ್ಯಾಗ ಜಗಳೇನು?”

ದಾಂಡೇಲಿಯಲ್ಲಿ ಮಿಲ್ಲಿನ ಪಾಳಿಯವನು ಹೊತ್ತಲ್ಲದ ಹೊತ್ತಿನಲ್ಲಿ ಉಂಡರೆ ಯಾರೂ ಕೇಳುವುದಿಲ್ಲ. ಅವನ ಪರವಾಗಿ ಮಿಲ್ಲೇ ಉತ್ತರ ಹೇಳಿರುತ್ತದೆ. ಇಲ್ಲಿ ಗಿರಾಕಿಯೇ ಹೇಳಬೇಕು. ಸಿಮೆಂಟ್ ಅಂಗಡಿಯವರೊಬ್ಬರು ಹೆಂಡತಿ ತವರಿಗೆ ಹೋದದ್ದು ಯಾಕೆ, ಬರುವುದು ಯಾವಾಗ ಎಂದು ವಿವರಿಸುವಷ್ಟರಲ್ಲಿ ಸಾರು ಆರಿಹೋಯಿತು. ಮರುದಿನ ಅವರು ಬರಲಿಲ್ಲ.

“ಕಾಕೂ, ಕೇಳಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ?”

“ಕೇಳದ ಹೆಂಗ ಬಡಸ್ತೀಯೋ? ದನಕ್ಕ ಮೇವು ಹಾಕಿದಂಗ ಆಕ್ಕೈತಿ.”

ಕಾಕೂ ಮುಂದಿನ ರೊಟ್ಟಿ ಬಡಿಯತೊಡಗಿದರು.

ಆಗ ಅಕ್ಕೋರು ಬರತೊಡಗಿದರು. ಶಾಲೆಯ ಟೀಚರನ್ನು ನಾವು ಹಾಗೇ ಕರೆಯುವುದು. ಜೊಯಿಡಾ ಕಡೆ ಅವರ ನೌಕರಿ, ಅತ್ತೆಯ ಮನೆ ಮುಂಡಗೋಡದ ಹತ್ತಿರ ಇಂದೂರ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಸಿಕ್ಕ ಬಸ್ ಹತ್ತಿ ಇಲ್ಲಿಗೆ ಬಂದಾಗ ನಾಲ್ಕಾಗಿರುತ್ತಿತ್ತು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ರಸ್ತೆಗೆ ಮುಖ ಮಾಡಿ ಕೂತು, ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರನ್ನ ನಿಧಾನವಾಗಿ ಉಣ್ಣುತ್ತಿದ್ದರು. ಅವರನ್ನು ನೋಡಿದಾಗ, ನನ್ನ ಬೋರ್ಡು ಸುಳ್ಳಲ್ಲ ಅನಿಸುತ್ತಿತ್ತು. ಇವರೊಬ್ಬರು ಗಟ್ಟಿಯಾಗಿ ಕೂತರೆ ನಾಳೆ ಇನ್ನೊಬ್ಬರು ಕೂಡುತ್ತಾರೆ.

ಕಾಕೂ ಕೇಳಿಯೇ ಕೇಳಿದರು. ಅಕ್ಕೋರು ನಕ್ಕು, “ಏನಿಲ್ಲರಿ, ಹಸಿವಾಗೈತಿ” ಎಂದರು. ಎದುರಿನ ಪಾನ್ ಅಂಗಡಿಯವನು ಚಿಲ್ಲರೆ ಕೇಳುವ ನೆಪದಲ್ಲಿ ಬಂದು, “ಅಕ್ಕೋರ, ಯಜಮಾನ್ರು ಎಲ್ಲಿರ್ತಾರ್ರಿ?” ಎಂದ. ಅಕ್ಕೋರು ಒಬ್ಬರೇ ಕೂತು ಉಣ್ಣುವ ಮಾತು ಯಾವ ಬಸ್ ಹತ್ತಿತೋ, ಅವರಿಗಿಂತ ಮೊದಲೇ ಇಂದೂರ ಮುಟ್ಟಿತು.

ಮುಂದಿನ ಶನಿವಾರ ಅವರು ಕೂರಲಿಲ್ಲ. “ಅಣ್ಣಾರ, ಪಾರ್ಸಲ್ ಕಟ್ಟಿಕೊಡ್ರಿ.”

“ಎಲ್ಲಿ ಉಣ್ತೀರಿ?”

“ಬಸ್ಸಿನ್ಯಾಗ. ಸೊಸಿ ರೋಡಿಗೆ ಮಾರಿ ಮಾಡಿ ಉಣ್ತಾಳ ಅಂತ ಅತ್ತಿಯವರಿಗೆ ಯಾರೋ ಹೇಳ್ಯಾರ್ರಿ.”

“ಒಳಗ ಫ್ಯಾಮಿಲಿ ರೂಮ್ ಐತಿ, ಪರದೆ ಹಾಕಿಸ್ತೇನ್ರಿ.”

“ಬ್ಯಾಡ್ರಿ. ಪರದೆ ಹಾಕಿದ್ರ ಮತ್ತ ನಾಕ್ ಪ್ರಶ್ನಿ ಹುಟ್ತಾವು.”

ರೊಟ್ಟಿ ಕಟ್ಟಿಕೊಟ್ಟೆ. ಕುಲುಕುವ ಬಸ್ಸಿನಲ್ಲಿ, ತೊಡೆಯ ಮೇಲೆ ಪಲ್ಯದ ಪೊಟ್ಟಣ ಇಟ್ಟುಕೊಂಡು ಉಣ್ಣುವ ಗತಿ ನನ್ನ ಗಿರಾಕಿಗೆ ಬಂತಲ್ಲ! ದುಡಿದು ಕಟ್ಟಿದ ಜಾಗದಲ್ಲಿ ಒಂದು ಕುರ್ಚಿಯನ್ನೂ ಉಳಿಸಿಕೊಳ್ಳಲಾಗದವನು ಯಾತರ ಮಾಲಕ?

ಆದ್ದರಿಂದ ನಾನೇ ಕೂಡಲು ನಿರ್ಧರಿಸಿದೆ. ದಿನಾ ನಾಲ್ಕಕ್ಕೆ, ಅದೇ ಮೇಜಿಗೆ, ರಸ್ತೆಗೆ ಮುಖ ಮಾಡಿ. ಮಾಲಕನೇ ಉಣ್ಣುವುದನ್ನು ನೋಡಿ ನೋಡಿ ಊರಿಗೆ ರೂಢಿಯಾಗಲಿ ಎಂದು. ಮೊದಲ ದಿನ ಪಾನ್ ಅಂಗಡಿಯವನು ಅಲ್ಲಿಂದಲೇ ಕೂಗಿದ, “ಏನ್ ಮಾಲಕ್ರ, ಮನಿ ಬಾಗಿಲಾ ಹಾಕ್ಯಾರೇನು?” ನಾನು ತಲೆ ಎತ್ತಲಿಲ್ಲ. ಮಜ್ಜಿಗೆ ಬರುವ ಮೊದಲೇ ಹೆಂಡತಿಯ ಫೋನ್ ಬಂತು.

“ಅಲ್ರೀ, ನಾ ಏನ್ ಅಂದ್ನಿ ಅಂತ ಅಲ್ಲೆ ಉಣ್ಣಾಕತ್ತೀರಿ?”

“ನಿನಗ ಯಾರ್ ಹೇಳಿದ್ರು?”

“ಯಾರ್ ಹೇಳಿಲ್ಲ ಕೇಳ್ರಿ!”

ಹಟ ಬಿಡಲಿಲ್ಲ. ಶನಿವಾರವೂ ಕೂತೆ. ಅಕ್ಕೋರು ಪಾರ್ಸಲ್‌ಗೆ ಬಂದವರು ನನ್ನ ತಾಟು ನೋಡಿದರು, ಗಡಿಯಾರ ನೋಡಿದರು. ಕೇಳದೆ ಇರಬಲ್ಲ ಒಬ್ಬರಾದರೂ ಈ ಬಾಗಿಲೊಳಗೆ ಬಂದರು ಎಂದುಕೊಂಡೆ. ಎದುರಿನ ಕುರ್ಚಿ ಎಳೆದುಕೊಟ್ಟರೆ ಕೂಡುತ್ತಾರೇನೋ ಎಂದೂ ಅನಿಸಿತು. ಅವರು ಮೇಜಿನ ಹತ್ತಿರ ಬಂದು, ದನಿ ಇಳಿಸಿ, ನಿಜವಾದ ಕಾಳಜಿಯಿಂದ ಕೇಳಿದರು:

“ಯಾಕ್ರಿ ಅಣ್ಣಾರ, ಮನ್ಯಾಗ ಏನರ ಜಗಳ ಆತೇನ್ರಿ?”

ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ.

“ಎಷ್ಟ ರೊಟ್ಟಿ ಕಟ್ಟಲಿ, ಹೇಳ್ರಿ” ಎಂದೆ.