ಚಿಗವ್ವನ ಕುಬಸ

ಕಬ್ಬಿಣದ ಗುಳಿಗೆಯ ವಾಸನೆ ನಿಮಗೆ ಗೊತ್ತೇ? ತುಕ್ಕು ಹಿಡಿದ ಬಕೆಟ್ಟಿನ ತಳದ ವಾಸನೆ. ಇವತ್ತು ತಂಗಿಯ ಮಗಳು ಗಿರಿಜಾ ಡಬ್ಬಿ ಬಿಚ್ಚಿದ್ದೇ ತಡ, ಅದೇ ವಾಸನೆ ಮೂಗಿಗೆ ಬಡಿಯಿತು. ಅವಳ ಗರ್ಭಚೀಲದಲ್ಲಿ ಗಡ್ಡೆಗಳಿವೆಯಂತೆ. ನಮ್ಮ ಚಿಗವ್ವನಿಗೂ ಇದ್ದವು.

ಚಿಗವ್ವ ಎಂದರೆ ನಮ್ಮವ್ವನ ತಂಗಿ, ಶಹಾಬಾದಿನ ಪರ್ಸಿ ಕಲ್ಲಿನ ಗಣಿಯ ಮೇಸ್ತ್ರಿಯ ಹೆಂಡತಿ. ಮದುವೆಯಾಗಿ ಹತ್ತು ವರ್ಷಕ್ಕೆ ಹೊಟ್ಟೆ ಕಂಡಿತು. ಅತ್ತೆ ಹಿಗ್ಗಿ ಹೀರೇಕಾಯಿಯಾದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಬಸುರಿಗೆ ಮಾಡುವ ಕುಬಸ ಮಾಡಿದರು. ಹಾಡು ಹೇಳಿದವರಲ್ಲಿ ನಾನೂ ಒಬ್ಬಳು. ನನ್ನ ದನಿಗೆ ಗಣಿಯ ಕಲ್ಲೂ ಎದ್ದು ಹೋಗಬೇಕಿತ್ತು.

ನಮ್ಮದು ಲಿಂಗ ಕಟ್ಟುವ ಮನೆತನ. ಮುಟ್ಟಾದವಳು ಹೊರಗೆ ಕೂರುವ ಪದ್ಧತಿ ಇಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಅದರಿಂದಲೇ ಚಿಗವ್ವನಿಗೆ ತಿಂಗಳೆಲ್ಲ ರಕ್ತ ಹೋಗುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ಹಸಿರು ಸೀರೆ ಬಿಚ್ಚಿಸಿಬಿಟ್ಟಾರು ಎಂಬ ಹೆದರಿಕೆ.

ಒಂಬತ್ತು ತುಂಬಿತು, ಹತ್ತೂ ತುಂಬಿತು. ಚಿತ್ತಾಪುರದಲ್ಲಿ ಶಾಲೆ ಕಲಿಸುತ್ತಿದ್ದ ನಾನೇ ಗುಲ್ಬರ್ಗಾದ ದವಾಖಾನೆಗೆ ಕರೆದೊಯ್ದೆ. ಕೂಸಲ್ಲ, ಗಡ್ಡೆ ಎಂದರು. ಸಣ್ಣದಿದ್ದಾಗ ಬಂದಿದ್ದರೆ ಬೇರೆ ದಾರಿಗಳಿದ್ದವಂತೆ. ರಕ್ತ ಕೂಡಲೆಂದು ಒಂದು ತಿಂಗಳು ಇದೇ ಗುಳಿಗೆ ನುಂಗಿಸಿದರು. ಆಪರೇಷನ್ನಿನ ದಿನ ಚಿಗವ್ವ ಡಾಕ್ಟರಮ್ಮನ ಕಾಲು ಹಿಡಿದಳು.

"ಗಡ್ಡಿ ಅಷ್ಟೇ ತೆಗೀರಿ ಅವ್ವಾರ, ಚೀಲ ಇಡ್ರಿ."

ಒಳಗೆ ರಕ್ತ ನಿಲ್ಲಲಿಲ್ಲ. ಹೊರಗೆ ಅವಳ ಗಂಡ ಹೆಬ್ಬೆಟ್ಟು ಒತ್ತಿದ. ಚೀಲವೂ ಹೋಯಿತು. ಎಚ್ಚರಾದಾಗ ಅವಳು ಕೇಳಿದ್ದು ನನ್ನನ್ನೇ: "ಚೀಲ ಉಳದದ ಹೌದಿಲ್ಲ?" ಸುಳ್ಳಾಡಿದ ಮಕ್ಕಳ ಕಿವಿ ಹಿಂಡುವ ನಾನು ಹೌದೆಂದೆ. ಮನೆಯವರೆಲ್ಲ ಆ ಸುಳ್ಳಿಗೇ ಜೋತುಬಿದ್ದರು.

ನಾಲ್ಕು ತಿಂಗಳಿಗೆ ನನ್ನ ಮನೆಗೆ ಒಬ್ಬಳೇ ಬಂದಳು. ಮುಖದಲ್ಲಿ ಎಂಥ ಕಳೆ! ಬಾಗಿಲು ಮುಂದೆ ಮಾಡಿ, ಕಿವಿಯ ಹತ್ತಿರ ಬಂದಳು.

"ಈ ಸಲ ಖರೇ ಅದವ್ವ. ನಾಕ್ ತಿಂಗ್ಳಾತು, ಮುಟ್ಟೇ ಆಗಿಲ್ಲ."

ಹೇಳಿದೆ. ಹೇಳಲೇಬೇಕಾಯಿತು. ಅತ್ತಳೇ ಎಂದು ಕೇಳಬೇಡಿ, ಅಳಲಿಲ್ಲ. ಚಹಾ ಕುಡಿದು ಕಪ್ಪು ತೊಳೆದಿಟ್ಟಳು. "ನೀನೂ ಹಿಂಗ ಮಾಡ್ದಿ?" ಎಂದು ಹೋದವಳು ಮತ್ತೆ ನನ್ನ ಹೊಸ್ತಿಲು ತುಳಿಯಲಿಲ್ಲ. ಅವಳು ತೀರಿದ ಸುದ್ದಿ ನನಗೆ ಬಂದದ್ದು ಮಣ್ಣಾದ ಮೇಲೆ.

ಗಿರಿಜಾ ಗುಳಿಗೆ ನುಂಗಿ, ಇದರಿಂದ ಆಗದಿದ್ದರೆ ಮುಂದೇನು ಎಂದು ಕೇಳಿದಳು. ಬಾಗಿಲಲ್ಲಿ ನಿಂತ ತಂಗಿ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದಳು. ನಾನು ಗಿರಿಜಾಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ: ಗಡ್ಡೆಯಷ್ಟೇ ತೆಗೆಯಬಹುದು, ಆಗದಿದ್ದರೆ ಚೀಲವನ್ನೇ ತೆಗೆಯಬೇಕಾಗಬಹುದು, ಯಾವುದಕ್ಕೂ ನಿನ್ನನ್ನು ಕೇಳಿಯೇ ಮುಂದುವರಿಯುವುದು.

ತಂಗಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಗಿರಿಜಾ ಅಳುತ್ತಿದ್ದಾಳೆ, ನನ್ನ ತೊಡೆಯ ಮೇಲೆ.