ಯಾರೂ ಬೈಯದ ಹಾಸ್ಟೆಲು

ಆ ದಿನ ನಾನೂ ನಮ್ಮ ಅತ್ತೆಯೂ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆವು. ವರ್ಷದ ಖಾರ ಕುಟ್ಟಿಸುವ ಕಾಲ. ಪಾರಿಶ್ವಾಡದ ನಮ್ಮ ಓಣಿಯಲ್ಲಿ ಆ ವಾರ ಎಲ್ಲರ ಮನೆಯಿಂದಲೂ ಸೀನು, ಕೆಮ್ಮು. ನಮ್ಮವರ ಫೋನ್ ಬಂದಾಗ ನನ್ನ ಕೈಯೆಲ್ಲ ಖಾರವಾಗಿತ್ತು. ಆಗ ಎರಡನೆಯ ತರಗತಿಯಲ್ಲಿದ್ದ ಮಗಳು ಸನ್ಮತಿ ಫೋನನ್ನು ನನ್ನ ಕಿವಿಗೆ ಹಿಡಿದು ನಿಂತಳು. ಅವಳ ಅಪ್ಪ ಸೈನ್ಯದಲ್ಲಿ ಹವಾಲ್ದಾರ್. ಆಗ ಉತ್ತರದ ಬೆಟ್ಟಗಳ ಕಡೆ ಇದ್ದರು.

"ಊಟ ಆತೇನು?" ಎಂದು ಕೇಳಿದರು. ಅವರ ಫೋನ್ ಶುರುವಾಗುತ್ತಿದ್ದುದೇ ಹಾಗೆ.

"ಇನ್ನೂ ಹೊತ್ತು ಐತಿ. ಇಷ್ಟು ಮುಗಿಸಿ ಕುಂದರ್ತೀವಿ."

"ನೀವು ಹೊತ್ತು ಮುಳುಗೂದರೊಳಗ ಉಣ್ರಿ. ನಿಮ್ಮೆಲ್ಲಾರ ಪಾಲಿನ ರಾತ್ರಿ ಊಟ ನಾ ಇಲ್ಲಿ ಮಾಡ್ತೀನಿ."

ನಾವು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ. ಆದರೆ ಸೈನ್ಯದ ಅಡುಗೆಮನೆ ಸೂರ್ಯನನ್ನು ಕೇಳಿ ಬಡಿಸುವುದಿಲ್ಲ. ಅವರು ಅಲ್ಲಿ ರಾತ್ರಿ ಉಣ್ಣುತ್ತಿದ್ದರು, ರಜೆಗೆ ಊರಿಗೆ ಬಂದಾಗ ಮತ್ತೆ ನಮ್ಮ ಜೊತೆ ಸಂಜೆಗೇ ಉಣ್ಣುತ್ತಿದ್ದರು. ಇದು ನಮ್ಮ ಅತ್ತೆಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ಅಂದು ಹೊಲದ ಪಂಪಿನ ವಾಯರು ಸುಟ್ಟದ್ದು, ಯಾರದೋ ಮದುವೆಗೆ ಹೋಗಬೇಕಾದದ್ದು ಇಷ್ಟೇ ಮಾತಾಡಿದೆವು. ನಾನು ಸೀನಿದೆ, ಅವರು ನಕ್ಕರು, ಲೈನ್ ಕಟ್ ಆಯಿತು.

ಮರುದಿನ ಅವರಿದ್ದ ಗಾಡಿ ಬೆಟ್ಟದ ರಸ್ತೆಯಿಂದ ಜಾರಿ ಕೆಳಗೆ ಬಿತ್ತು. ಆ ಸುದ್ದಿಯೂ ಫೋನಿನಲ್ಲೇ ಬಂತು. ಯುದ್ಧವಲ್ಲ, ಗುಂಡಲ್ಲ. ಹಿಮ ಕರಗಿ ಸಡಿಲಾದ ರಸ್ತೆ. ಈಗಲೂ ಬಸ್ಸಿನಲ್ಲಿ ಪಕ್ಕ ಕುಳಿತವರು, "ಯಾವ ಲಡಾಯಿದಾಗ ಹೋದ್ರಿ ಅವ್ರು?" ಎಂದು ಕೇಳುತ್ತಾರೆ. ರಸ್ತೆ ಎಂದರೆ ಅವರ ಮುಖ ಸ್ವಲ್ಪ ಸಪ್ಪೆಯಾಗುತ್ತದೆ. ಪಾಪ, ನನ್ನಿಂದ ಅವರಿಗೇಕೆ ನಿರಾಸೆಯಾಗಬೇಕು? "ಬಾರ್ಡರ್ ಕಡೆ" ಎಂದಷ್ಟೇ ಹೇಳಿ ನಾನು ಕಿಟಕಿಯ ಹೊರಗೆ ನೋಡುತ್ತೇನೆ.

ಅವರನ್ನು ವಿಮಾನದಲ್ಲಿ ಬೆಳಗಾವಿ ಹತ್ತಿರದ ಸಾಂಬ್ರಾ ನಿಲ್ದಾಣಕ್ಕೆ ತಂದರು. ಅಲ್ಲಿಗೆ ನನ್ನ ಮೈದುನ ಮತ್ತು ಊರಿನ ಹಿರಿಯರು ಹೋದರು. ಸನ್ಮತಿ ಸಣ್ಣವಳೆಂದು ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು.

ಆಮೇಲೆ ಬಹಳ ಜನ ಬಂದರು. ಶಾಲೆಗೆ ಅವರ ಹೆಸರು ಇಡುತ್ತೇವೆ ಎಂದರು ಒಬ್ಬರು. ಬಸ್ ನಿಲ್ದಾಣಕ್ಕೆ ಇಡುತ್ತೇವೆ ಎಂದರು ಇನ್ನೊಬ್ಬರು. ನಾನು ಎಲ್ಲರಿಗೂ ಚಹಾ ಮಾಡಿದೆ. ಯಾರ ಮೇಲೂ ಸಿಟ್ಟಿಲ್ಲ. ಅಂಥ ಮನೆಗೆ ಬಂದವರು ಏನಾದರೊಂದು ಹೇಳಲೇಬೇಕಲ್ಲ. ಬಸ್ ನಿಲ್ದಾಣ ಈಗಲೂ ಬರೀ ಬಸ್ ನಿಲ್ದಾಣವೇ.

ಪೆನ್ಶನ್ ಬರುತ್ತಿತ್ತು, ಸ್ವಲ್ಪ ಹೊಲವಿತ್ತು. ಹಸಿವು ನಮ್ಮ ಕಷ್ಟವಾಗಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಅದೂ ಒಂದು ವಿಷಯ ಎರಡನೆಯ ಸಲ ಬರೆದು. ಸನ್ಮತಿಯ ಪುಸ್ತಕದಲ್ಲಿ ಭಿನ್ನರಾಶಿ ಬಂದ ದಿನವೇ ನಾನು ಕೈಚೆಲ್ಲಿದೆ. ಅವಳಿಗೆ ಓದಿಸುವವರು ಬೇಕಿತ್ತು. ಮನೆಯಲ್ಲಿ ಇಬ್ಬರು ಹೆಂಗಸರು ಮೌನವಾಗಿ ಕುಳಿತಿರುವುದನ್ನು ನೋಡುತ್ತ ಅವಳು ಬೆಳೆಯುವುದು ನನಗೆ ಬೇಡವಾಗಿತ್ತು.

ಸುಬೇದಾರ್ ಕಾಕಾ ಬಂದದ್ದು ಎಲ್ಲರೂ ಬರುವುದು ನಿಂತ ಮೇಲೆ. ಬೆಳಗಾವಿಯಲ್ಲಿ ಸೈನ್ಯದವರ ಕ್ಯಾಂಪ್ ದಾಟಿ ಹಿಂಡಲಗಾ ಕಡೆ ಹೋಗುವ ರಸ್ತೆಯಲ್ಲಿ ಕೆಲವು ಮಾಜಿ ಸೈನಿಕರು ಕೂಡಿ ಸೈನಿಕರ ಮಕ್ಕಳಿಗಾಗಿ ಒಂದು ಹಾಸ್ಟೆಲು ನಡೆಸುತ್ತಾರೆ. ದಾನಿಗಳು ಕೊಟ್ಟದ್ದರಲ್ಲೇ ಎಲ್ಲ ನಡೆಯುತ್ತದೆ. ಮಕ್ಕಳು ಪಕ್ಕದ ಶಾಲೆಗೆ ಹೋಗಿ ಬರುತ್ತಾರೆ. ಅದನ್ನು ನೋಡಿಕೊಳ್ಳುವವರು ಈ ಕಾಕಾ. ಮನೆಮಾತು ಮರಾಠಿ, ಕನ್ನಡ ಅದರ ಜೊತೆಗೇ ಬರುತ್ತದೆ. ಅವರು ಯಾವ ಮಾತನ್ನೂ ಕೊಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕುಳಿತು, "ಯಾವ ಇಯತ್ತಾ ಬಾಳಾ?" ಎಂದು ಸನ್ಮತಿಯನ್ನು ಕೇಳಿದರು. ಐದನೆಯ ತರಗತಿ ಎಂದಳು.

ಅತ್ತೆ ಒಪ್ಪಲಿಲ್ಲ. "ನಮ್ಮ ಮನಿತನದಾಗ ಇಷ್ಟು ದಿನಾ ಕೊಟ್ಟ ಗೊತ್ತು, ಇಸಗೊಂಡು ಗೊತ್ತಿಲ್ಲ. ಮತ್ತ ನಿಮ್ಮ ಹಾಸ್ಟೆಲಿನಾಗ ಊಟ ರಾತ್ರಿ ಎಂಟಕ್ಕ ಇರತೈತಿ."

"ಆಯೀ, ಊಟಾ ಐದೂವರಿಗೆ ಕೊಡ್ತೀವಿ. ಉಳ್ಳಾಗಡ್ಡಿ, ಬಟಾಟಿ ಏನೂ ಹಾಕೂದಿಲ್ಲ," ಎಂದರು ಕಾಕಾ. "ಆಮ್ಯಾಲ ನೀವು ಇಸಗೊಳ್ಳಾಕ ಹತ್ತಿಲ್ಲ. ಆಕಿ ಅಪ್ಪ ಕೊಟ್ಟ ಹೋಗ್ಯಾನ. ನಾವು ಅದರಾಗ ಒಂದೀಟು ತಿರುಗಿ ಕೊಡಾತೀವಿ."

ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ, "ಬಳ್ಳೊಳ್ಳಿನೂ ನಡ್ಯಾಂಗಿಲ್ಲ," ಎಂದರು. ಒಪ್ಪಿಗೆ ಅಂದರೆ ಅದೇ.

ನಿಮಗೆ ಆ ಹಾಸ್ಟೆಲಿನ ರೀತಿಯನ್ನು ಹೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಚಾದರ ಒಂದು ಸುಕ್ಕಿಲ್ಲದ ಹಾಗೆ ಎಳೆದಿರಬೇಕು. ಬೂಟುಗಳು ಗೋಡೆಗೆ ಒಂದೇ ಸಾಲು. ಇದೆಲ್ಲ ಸೈನ್ಯದ್ದೇ. ಒಂದು ಮಾತ್ರ ಸೈನ್ಯದ್ದಲ್ಲ. ಅಲ್ಲಿ ಯಾರೂ ಮಕ್ಕಳ ಮೇಲೆ ದನಿ ಏರಿಸಬಾರದು. ಹಾಸ್ಟೆಲು ಶುರುಮಾಡುವಾಗ ಅವರೆಲ್ಲ ಕುಳಿತು ಮಾಡಿಕೊಂಡ ಕರಾರು ಅದು. ಕಾಕಾ ನೌಕರಿಯ ಬಹುಪಾಲು ಮೈದಾನದಲ್ಲಿ ಹೊಸ ಹುಡುಗರಿಗೆ ಕವಾಯತು ಕಲಿಸಿದವರು. "ನಮ್ಮ ಆವಾಜ್ ಭಾಳ ಕೆಟ್ಟದ್ದು, ತಂಗಿ," ಎಂದಿದ್ದರು ನನಗೆ. "ಎಷ್ಟೋ ಹುಡುಗ್ರನ್ನ ಅಳಿಸೀವಿ. ಈ ಮಕ್ಕಳ ಮನಿಗೆ ದೊಡ್ಡ ಆವಾಜ್ ಒಮ್ಮೆ ಬಂದು ಹೋಗೈತಿ. ಸಾಕು."

ಹಾಗಾಗಿ ಅವರು ಕರುವಿನ ಜೊತೆ ಮಾತಾಡುವ ಹಾಗೆ ಮಕ್ಕಳ ಜೊತೆ ಮಾತಾಡುತ್ತಿದ್ದರು. ಹೋಮ್‌ವರ್ಕ್ ಮಾಡದವರಿಗೆ, "ಆಗ್ತೈತಿ ಬಾಳಾ, ಮೊದಲ ಬಿಸ್ಕೀಟು ತಿನ್ನು." ಲೋಟ ಒಡೆದವರಿಗೆ, "ಕೈಗೆ ಏನೂ ಆಗಿಲ್ಲಲ್ಲ?" ಮಕ್ಕಳು ಇದನ್ನು ಅರ್ಥ ಮಾಡಿಕೊಳ್ಳಲು ತಡ ಮಾಡಲಿಲ್ಲ. ಅಲ್ಲಿ ತಪ್ಪು ಮಾಡಿದರೆ ತಿನ್ನಲು ಹೆಚ್ಚು ಸಿಗುತ್ತಿತ್ತು.

ದಾನಿಗಳೂ ಹಾಗೇ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಎಂದು ಬಂದು ಸಿಹಿ ಹಂಚಿ, ತಲೆ ಸವರಿ ಹೋಗುತ್ತಿದ್ದರು. ಮಕ್ಕಳು ಅವರನ್ನು ಕುಂದಾ ಕಾಕಾ, ಜಿಲೇಬಿ ಕಾಕು ಎಂದು ಗುರುತಿಟ್ಟುಕೊಂಡಿದ್ದರು. ಒಮ್ಮೆ ಕುಂದಾ ಕಾಕಾ ಸನ್ಮತಿಯನ್ನು, "ದೊಡ್ಡಾಕಿ ಆಗಿ ಏನ ಆಗ್ತೀವಾ?" ಎಂದು ಕೇಳಿದರಂತೆ. ಸೈನ್ಯ ಸೇರುತ್ತೇನೆ ಎನ್ನುತ್ತಾಳೆಂದು ಅವರು ಮೊಬೈಲ್ ಹಿಡಿದು ಸಿದ್ಧರಾಗಿದ್ದರು. ಇವಳು "ಬ್ಯೂಟಿ ಪಾರ್ಲರ್ ಹಾಕ್ತೀನ್ರಿ" ಎಂದಳು. ಅವರು ಆ ವಿಡಿಯೊ ಯಾರಿಗೂ ಕಳಿಸಿರಲಿಕ್ಕಿಲ್ಲ. ನಾನೇನು ಕಡಿಮೆಯೇ? ವಾರ್ಷಿಕ ಕಾರ್ಯಕ್ರಮದಲ್ಲಿ ತಾಯಂದಿರ ಪರವಾಗಿ ಎರಡು ಮಾತು ಹೇಳಿ ಎಂದು ಮೈಕು ಕೊಟ್ಟಾಗ, ಕಲಿತುಕೊಂಡು ಹೋದ ಧನ್ಯವಾದವೆಲ್ಲ ಮರೆತು, "ಎಲ್ಲಾರದೂ ಊಟ ಆತೇನ್ರಿ?" ಎಂದು ಕೇಳಿ ಇಳಿದು ಬಂದಿದ್ದೆ.

ಒಂಬತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ಕಾಕಾ ಫೋನ್ ಮಾಡಿದರು. ಸನ್ಮತಿ ಗಣಿತದ ಪರೀಕ್ಷೆಗೆ ಹೋಗದೆ, ಯಾರಿಗೂ ಹೇಳದೆ, ಬಸ್ಸು ಹತ್ತಿ ಸಾಂಬ್ರಾಕ್ಕೆ ಹೋಗಿದ್ದಳು. ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಂತು ವಿಮಾನ ನೋಡುತ್ತಿದ್ದವಳನ್ನು ಚಹಾದಂಗಡಿಯವರು ವಿಚಾರಿಸಿ, ಹಾಸ್ಟೆಲಿಗೆ ತಿಳಿಸಿದ್ದರು. "ಸುಖರೂಪ ಅದಾಳ, ಗಾಬರಿ ಆಗಬ್ಯಾಡ್ರಿ," ಎಂದರು. "ಆದರ ಸಾಲಿ ಬಿಡ್ತೀನಿ, ಮನಿಗೆ ಹೋಗ್ತೀನಿ ಅನ್ನಾಕ ಹತ್ಯಾಳ. ನೀವ ಬರ್ರಿ."

ನಾನು ಮುಟ್ಟುವಷ್ಟರಲ್ಲಿ ಹಾಸ್ಟೆಲಿಗೆ ಹಾಸ್ಟೆಲೇ ಒಂದು ನಿರ್ಧಾರಕ್ಕೆ ಬಂದಿತ್ತು. ಅಪ್ಪ ಕೊನೆಯ ಸಲ ಬಂದಿಳಿದ ಜಾಗವನ್ನು ನೋಡಲು ಮಗು ಹೋಗಿದೆ. ಅಡುಗೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು. ಶಾಲೆಯ ಟೀಚರು ಬಂದು ತಬ್ಬಿಕೊಂಡು ಹೋಗಿದ್ದರು. ಕುಂದಾ ಕಾಕಾಗೂ ಸುದ್ದಿ ಮುಟ್ಟಿ, ಒಂದು ಡಬ್ಬಿ ಬಂದಿತ್ತು. ನನಗೂ ಹಾಗೇ ಅನ್ನಿಸಿತ್ತು. ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಿದ್ದೆ.

ಸನ್ಮತಿ ಮಂಚದ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದಳು. ನಾನು ತಲೆಯ ಮೇಲೆ ಕೈ ಇಟ್ಟೆ. ಕೈ ಸರಿಸಿದಳು.

"ನೀನೂ ಸವರಬ್ಯಾಡವಾ."

"ಪಪ್ಪಾನ ನೆನಪಾತೇನು?"

"ಇಲ್ಲ. ನಾ ಓದಿರಲಿಲ್ಲ. ಪೇಪರ್ ಹೆಂಗ ಬರೀಲಿ ಅಂತ ಅಂಜಿಕಿ ಬಂತು. ಮುಂದ ನಿಂತಿದ್ದ ಬಸ್ಸಿಗೆ ಸಾಂಬ್ರಾ ಅಂತ ಬೋರ್ಡ್ ಇತ್ತು, ಹತ್ತಿದೆ. ವಿಮಾನ ನೋಡಿದೆ. ಅಷ್ಟ."

"ಮತ್ತ ಎಲ್ಲಾರಿಗೂ ಹಂಗ ಹೇಳಬೇಕಿಲ್ಲೋ?"

"ಹೇಳಿದೆ. ಯಾರೂ ಕೇಳವಲ್ರು. ಪಾಪ ಪಾಪ ಅಂತಾರ. ಇಲ್ಲಿ ನಾ ಏನ ಮಾಡಿದ್ರೂ ಪಪ್ಪಾ ಸತ್ತದ್ದಕ್ಕ ಮಾಡಿದಂಗ ಆಗ್ತೈತಿ. ನನಗ ಈ ಊರು ಬ್ಯಾಡ. ಊರಾಗ ಅಜ್ಜಿ ಹತ್ರ ಹೋಗ್ತೀನಿ, ಆಕಿ ಬೈತಾಳ."

ನಾನು ಎದ್ದು ಕಾಕಾ ಇದ್ದ ಕೋಣೆಗೆ ಹೋದೆ. ಅವಳು ಹೇಳಿದ್ದನ್ನು ಹಾಗೇ ಹೇಳಿ, "ನೀವು ಆಕಿಗೆ ಬೈರಿ, ಸಾಹೇಬ್ರ," ಎಂದೆ. ದಾನ ಇಸಗೊಂಡವರು ಹೀಗೆ ಕೇಳಬಹುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಫೀ, ಪುಸ್ತಕ, ಬೂಟು ಎಲ್ಲ ಅವರು ನಾನು ಕೇಳದೆ ಕೊಟ್ಟಿದ್ದರು. ನಾನಾಗಿ ಕೇಳಿದ್ದು ಇದೊಂದೇ.

"ನನ್ನ ಕಡಿಂದ ಆಗೂದಿಲ್ಲ, ತಂಗಿ. ನೀವ ಬೈರಿ."

"ನಾ ಬೈದ್ರ ಅಳು ಬರತೈತಿ. ನನಗ. ಆಕಿ ಈಗ ಹೊಂಟ್ಲಂದ್ರ ಮತ್ತ ಸಾಲಿ ಮಾರಿ ನೋಡೂದಿಲ್ಲರಿ."

ಕಾಕಾ ಬಹಳ ಹೊತ್ತು ಮೇಜಿನ ಮೇಲಿನ ಪೇಪರ್‌ವೇಟನ್ನು ಅತ್ತಿತ್ತ ಹೊರಳಿಸಿದರು. ಆಮೇಲೆ ಎದ್ದು ಅಂಗಿಯ ಗುಂಡಿ ಹಾಕಿಕೊಂಡು ಅಂಗಳಕ್ಕೆ ಹೋಗಿ ನಿಂತರು.

"ಸನ್ಮತಿ!"

ಆ ದನಿಯನ್ನು ನಾನು ಹೇಗೆ ಬರೆಯಲಿ? ಗೋಡೆಯ ಮೇಲಿನ ಕಾಗೆಗಳು ಹಾರಿಹೋದವು. ಅಡುಗೆಮನೆಯಲ್ಲಿ ಮುಚ್ಚಳ ಬಿತ್ತು. ಸಣ್ಣ ಮಕ್ಕಳು ಯಾರೂ ಹೇಳದೆ ಬಂದು ಸಾಲಾಗಿ ನಿಂತರು. ರಸ್ತೆಯಲ್ಲಿ ಹೋಗುತ್ತಿದ್ದ ಮಾಜಿ ಸೈನಿಕರೊಬ್ಬರು ಸೈಕಲ್ ಇಳಿದು ಸೆಟೆದು ನಿಂತರಂತೆ. ಇದು ಅಡುಗೆಯವರು ಆಮೇಲೆ ಸೇರಿಸಿದ್ದೂ ಇರಬಹುದು.

ಸನ್ಮತಿ ಬಂದು ಎದುರು ನಿಂತಳು.

"ಓದಿರಲಿಲ್ಲ, ಹೌದಲ್ಲ? ಓದದ ಇದ್ದಾಕಿ ಹೋಗಿ ಕುಂತು ಸೊನ್ನಿ ತಗೊಂಡು ಬರಬೇಕು. ಓಡಿ ಹೋಗೂದು ಯಾರು ಕಲಿಸ್ಯಾರ ನಿನಗ? ನಾವೆಲ್ಲಾ ಮುದುಕ್ರು ಊಟಾ ಬಿಟ್ಟು ಇಡೀ ಕ್ಯಾಂಪು ಹುಡುಕೇವಿ. ಏನರ ಆಗಿದ್ರ ಇಲ್ಲಿ ನಿಂತಾಳಲ್ಲ ನಿಮ್ಮವ್ವ, ಆಕಿಗೆ ನಾ ಏನಂತ ಫೋನ್ ಮಾಡ್ತಿದ್ದೆ? ಎರಡನೇ ಸಲಾ ಆಕಿಗೆ ಅಂಥಾ ಫೋನ್ ಬರಬೇಕಿತ್ತೇನು, ಅದೂ ನನ್ನ ಕಡಿಂದ?"

ಸನ್ಮತಿಯ ಕೆನ್ನೆ ಕೆಂಪಾಗಿತ್ತು. ಕಣ್ಣೀರು ಸುರಿಯುತ್ತಿತ್ತು. ಆದರೆ ಅವಳು ತಲೆ ತಗ್ಗಿಸಿರಲಿಲ್ಲ, ಅವರನ್ನೇ ನೋಡುತ್ತಿದ್ದಳು.

"ತಪ್ಪಾತು, ಕಾಕಾ."

"ಸಾಲಿ ಬಿಡ್ತೀ?"

"ಇಲ್ಲ."

ಕಾಕಾ ತಿರುಗಿ ಕೋಣೆಗೆ ಹೋಗಿ ಕುಳಿತರು. ಒಂದು ಲೋಟ ನೀರು ಪೂರ್ತಿ ಕುಡಿದರು. "ನೋಡ್ರಿ, ಆವಾಜ್ ಇನ್ನೂ ಹಂಗ ಐತಿ," ಎಂದರು, ಏನೋ ತಪ್ಪು ಮಾಡಿದವರ ಹಾಗೆ. ಆ ಸಂಜೆ ಸನ್ಮತಿ ಎರಡು ರೊಟ್ಟಿ ಹೆಚ್ಚೇ ತಿಂದಳು.

ಶಾಲೆಯವರು ಪರೀಕ್ಷೆ ಇನ್ನೊಮ್ಮೆ ಬರೆಸಿದರು. ಅಂಕ ಹೇಳಿಕೊಳ್ಳುವ ಹಾಗೇನೂ ಬರಲಿಲ್ಲ, ಪಾಸಾಯಿತು. ಈಗ ಅವಳು ಹತ್ತನೆಯ ತರಗತಿ. ಹಾಸ್ಟೆಲಿನ ಕರಾರು ಸ್ವಲ್ಪ ಸಡಿಲಾಗಿದೆ. ಕಾಕಾ ಆಗಾಗ ಅಂಗಳಕ್ಕೆ ಬಂದು ನಿಲ್ಲುತ್ತಾರೆ, ಕಾಗೆಗಳಿಗೂ ರೂಢಿಯಾಗಿದೆ.

ಮೊನ್ನೆ ಭಾನುವಾರ ಹೋಗಿದ್ದೆ. ಹಿಂತಿರುಗುವಾಗ ಸನ್ಮತಿ ಬಸ್ ನಿಲ್ದಾಣದವರೆಗೆ ಬಂದಳು. ಆ ವಾರ ಕಾಕಾ ಯಾರಿಗೆ ಹೇಗೆ ಬೈದರು ಎಂದು ಅವರ ಹಾಗೇ ದನಿ ತೆಗೆದು ಮಾಡಿ ತೋರಿಸಿದಳು, ಇಬ್ಬರೂ ನಕ್ಕೆವು. ಆಮೇಲೆ ಕೇಳಿದಳು.

"ಅವ್ವಾ, ಪಪ್ಪಾ ಬೈದ್ರ ಹೆಂಗ ಬೈತಿದ್ರು?"

ರಜೆಗೆ ಬಂದವರು ಮಗಳಿಗೆ ಬೈಯುತ್ತಿರಲಿಲ್ಲ. ಒಮ್ಮೆ ಅವಳು ಅವರ ದಾಡಿ ಮಾಡುವ ಕನ್ನಡಿ ಒಡೆದಾಗ, "ಒಂದು ಮಾತು ಬೈರಿ, ನಾನೊಬ್ಬಾಕಿನ ಕೆಟ್ಟಾಕಿ ಆಗ್ತೀನಿ," ಎಂದಿದ್ದೆ. "ಇದ್ದದ್ದ ಇಷ್ಟು ರಜಾ. ಅದನ್ನ ಬೈಯಾಕ ಹಾಳ ಮಾಡ್ಲೇನು?" ಎಂದಿದ್ದರು. "ಪೆನ್ಶನ್ ಬಂದ ಮ್ಯಾಲ ದಿನಾ ಬೈತೀನಿ."

ಅವಳಿಗೆ ಅದನ್ನೇ ಹೇಳಿದೆ.

"ಒಂದ ಸಲಾನೂ ಇಲ್ಲೇನು?"

"ಇಲ್ಲವಾ."

ಖಾನಾಪುರದ ಬಸ್ಸು ಬಂತು, ಹತ್ತಿದೆ. ದಾರಿಯುದ್ದಕ್ಕೂ ನೆನಪಿನಲ್ಲಿ ಹುಡುಕಿದೆ. ಅವರ ನಗು ನನಗೆ ಗೊತ್ತು, ಕೆಮ್ಮು ಗೊತ್ತು, ನಿದ್ದೆಯಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದುದು ಗೊತ್ತು. ಮಗಳ ಮೇಲೆ ಸಿಟ್ಟಾದ ಅವರ ದನಿ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ. ಅದು ಅವಳ ಹತ್ತಿರ ಇಲ್ಲ, ನನ್ನ ಹತ್ತಿರವೂ ಇಲ್ಲ.